ಚಟ ಬಿಟ್ಟ ಮೇಲಿನ ಎಂಟು ವಾರ: ಧ್ಯಾನ ಚಿಕಿತ್ಸೆ ಯಾರಿಗೆ, ಯಾವಾಗ?

ಕುಡಿತದ ಚಟಕ್ಕೆ ಧ್ಯಾನವೇ ಮದ್ದು ಎಂದು ಒಂದು ವಾರ ಸುದ್ದಿ ಬರುತ್ತದೆ. ಅದಕ್ಕೆ ಪುರಾವೆ ಸಾಲದು ಎಂದು ಇನ್ನೊಂದು ವಾರ. ನಶಾಮುಕ್ತ ಭಾರತ ಅಭಿಯಾನದ ಅಡಿಯಲ್ಲಿ ಕೇಂದ್ರದ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯವು ಬ್ರಹ್ಮಕುಮಾರೀಸ್, ಆರ್ಟ್ ಆಫ್ ಲಿವಿಂಗ್‌ನಂಥ ಸಂಸ್ಥೆಗಳೊಂದಿಗೆ ಒಪ್ಪಂದ ಮಾಡಿಕೊಂಡಿದೆ. 2024ರ ಕೊನೆಯಲ್ಲಿ ವಿಶ್ವಸಂಸ್ಥೆ ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನವೆಂದು ಸಾರಿತು. ಆದರೆ ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕೊಕ್ರೇನ್ ಸಂಸ್ಥೆ 2021ರಲ್ಲೇ ಈ ವಿಷಯ ಎತ್ತಿಕೊಂಡು, ವ್ಯಸನದ ಮೇಲೆ ಇದರ ಪರಿಣಾಮ ಇಂಥದ್ದೇ ಎಂದು ಖಚಿತವಾಗಿ ಹೇಳಲಾಗದು ಎಂದಿತ್ತು.

ದಾವಣಗೆರೆಯಲ್ಲೋ ಚಳ್ಳಕೆರೆಯಲ್ಲೋ ಕುಡಿಯುವ ಗಂಡನನ್ನೋ ಮಗನನ್ನೋ ಇಟ್ಟುಕೊಂಡು ದಿನ ದೂಡುತ್ತಿರುವ ಮನೆಯವರು ಯಾವುದನ್ನು ನಂಬಬೇಕು? ವಾಸ್ತವದಲ್ಲಿ ಈ ಎರಡು ಸುದ್ದಿಗಳ ನಡುವೆ ಜಗಳವಿಲ್ಲ. ಅವು ಬೇರೆ ಬೇರೆ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು. ಚಟ ಬಿಡಿಸುವುದು ಒಂದು ಕೆಲಸ, ಬಿಟ್ಟವನು ಬಿಟ್ಟೇ ಇರುವಂತೆ ಮಾಡುವುದು ಇನ್ನೊಂದು. ವ್ಯಸನಕ್ಕೆಂದು ರೂಪಿಸಿದ ಮೈಂಡ್‌ಫುಲ್‌ನೆಸ್ ಆಧಾರಿತ ಚಿಕಿತ್ಸೆ ಹುಟ್ಟಿದ್ದೇ ಆ ಎರಡನೆಯ ಕೆಲಸಕ್ಕೆ. ನಮ್ಮ ಜಿಲ್ಲೆಗಳಲ್ಲಿ ಕೈಬಿಟ್ಟುಹೋಗಿರುವುದೂ ಆ ಎರಡನೆಯ ಕೆಲಸವೇ.

ಹೆಸರಿನಲ್ಲೇ ತೊಡಕು

ಮೈಂಡ್‌ಫುಲ್‌ನೆಸ್ ಎಂಬುದಕ್ಕೆ ಕನ್ನಡ ಪತ್ರಿಕೆಗಳು ‘ಸಾವಧಾನತೆ’ ಎಂದು ಬರೆಯುತ್ತವೆ. ಮುಹೂರ್ತದ ಹೊತ್ತಿನಲ್ಲಿ ಪುರೋಹಿತರು ‘ಸಾವಧಾನ’ ಎಂದು ಕೂಗುವಾಗ ಅದಕ್ಕೆ ಗಮನವಿಡಿ ಎಂಬ ಅರ್ಥವಿದೆ, ನಿಜ. ಆದರೆ ದಿನದ ಮಾತಿನಲ್ಲಿ ಸಾವಧಾನ ಅಂದರೆ ನಿಧಾನ. ಅದರ ಮೂಲವಾದ ಪಾಳಿ ಭಾಷೆಯ ‘ಸತಿ’ಯಿಂದ ಹೊರಟರೆ ಸಂಸ್ಕೃತದ ‘ಸ್ಮೃತಿ’ಗೆ ಬರುತ್ತೇವೆ, ಕನ್ನಡದಲ್ಲಿ ಅದು ನೆನಪಾಗಿಬಿಡುತ್ತದೆ. ‘ಮೈಮೇಲೆ ಎಚ್ಚರ ಇಲ್ವಾ’ ಎಂದು ಬೈಯುವಾಗ ಬರುತ್ತದಲ್ಲ, ಆ ಎಚ್ಚರ ಇದಕ್ಕೆ ಹೆಚ್ಚು ಹತ್ತಿರ. ಈ ಕ್ಷಣ ಮೈಯಲ್ಲಿ, ಮನಸ್ಸಿನಲ್ಲಿ ಏನಾಗುತ್ತಿದೆ ಎಂದು ಗಮನಿಸುವುದು, ಗಮನಿಸಿದ್ದನ್ನು ಕೂಡಲೇ ಒಳ್ಳೆಯದು ಕೆಟ್ಟದ್ದು ಎಂದು ತೀರ್ಪು ಕೊಡದೆ ಇರುವುದು. ಇಷ್ಟೇ ಅದರ ತಿರುಳು.

ಇದನ್ನು ಆಸ್ಪತ್ರೆಯೊಳಕ್ಕೆ ತಂದವರಲ್ಲಿ ಮೊದಲಿಗರು ಅಮೆರಿಕದ ಜಾನ್ ಕಬಾಟ್-ಜಿನ್. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ವಾಸಿಯಾಗದ ನೋವಿನ ರೋಗಿಗಳಿಗೆಂದು ಅವರು ಕೆಲವು ವಾರಗಳ ತರಬೇತಿ ಶುರು ಮಾಡಿದರು. ಅದರಲ್ಲಿ ದೇವರಿಲ್ಲ, ಮಂತ್ರವಿಲ್ಲ, ಗುರುವಿಲ್ಲ. ಮಠದ ಶಿಬಿರದಲ್ಲಿ ಮಾಡಿಸುವ ಧ್ಯಾನಕ್ಕೂ ಇದಕ್ಕೂ ಉಸಿರನ್ನು ಗಮನಿಸುವುದು ಸಮಾನ, ಅಲ್ಲಿಂದ ಮುಂದೆ ದಾರಿ ಬೇರೆ. ಸಚಿವಾಲಯದ ಒಪ್ಪಂದಗಳಲ್ಲಿರುವುದು ಬಹುಮಟ್ಟಿಗೆ ಜಾಗೃತಿಯ ಕೆಲಸ. ಸಂಶೋಧಕರು ಅಳೆಯುತ್ತಿರುವುದು ಒಂದು ಮನೋಚಿಕಿತ್ಸೆಯನ್ನು. ಸುದ್ದಿಯಲ್ಲಿ ಎರಡಕ್ಕೂ ‘ಧ್ಯಾನ’ ಎಂಬ ಒಂದೇ ಪದ ಬಳಕೆಯಾದಾಗ ಅರ್ಧ ಗೊಂದಲ ಅಲ್ಲೇ ಹುಟ್ಟುತ್ತದೆ.

ಮಾಲೆ ತೆಗೆದ ಮರುದಿನ

ಚಿಕಿತ್ಸೆಯ ತರ್ಕ ತಿಳಿಯಬೇಕಾದರೆ ಮರಳಿ ಕುಡಿಯುವುದು ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ನೋಡಬೇಕು. ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ಅಯ್ಯಪ್ಪನ ಮಾಲೆ ಹಾಕಿದವನು 41 ದಿನ ಬಾರಿನ ಕಡೆ ತಲೆ ಹಾಕುವುದಿಲ್ಲ. ದಿನಾ ಕ್ವಾರ್ಟರ್ ಇಲ್ಲದೆ ನಿದ್ದೆ ಬಾರದವನೂ ತಣ್ಣೀರು ಸ್ನಾನ ಮಾಡಿ, ಭಜನೆ ಹೇಳಿ, ಚಾಪೆಯ ಮೇಲೆ ಮಲಗುತ್ತಾನೆ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ವಾರದೊಳಗೆ ಮತ್ತೆ ಹಳೆಯ ಗೆಳೆಯರು, ಹಳೆಯ ಟೇಬಲ್ಲು. ಶ್ರಾವಣದಲ್ಲಿ ಬಿಟ್ಟವರ ಕಥೆಯೂ ಇದೇ.

ಇದನ್ನು ಮನೋಬಲದ ಕೊರತೆ ಎಂದು ತಳ್ಳಿಹಾಕುವುದು ಸುಲಭ. ಆದರೆ 41 ದಿನ ಬಿಟ್ಟವನಲ್ಲಿ ಮನೋಬಲ ಇತ್ತು. ಬದಲಾದದ್ದು ಸುತ್ತಲಿನ ಏರ್ಪಾಡು. ಮಾಲೆ ಕೊರಳಲ್ಲಿ ಇದ್ದಷ್ಟು ದಿನ ಅವನನ್ನು ಯಾರೂ ಕುಡಿಯಲು ಕರೆಯುವುದಿಲ್ಲ, ‘ಸ್ವಾಮಿ’ ಎಂದು ಮರ್ಯಾದೆಯಿಂದ ಮಾತಾಡಿಸುತ್ತಾರೆ, ಸಂಜೆಯ ಹೊತ್ತು ಭಜನೆಯಲ್ಲಿ ಕಳೆಯುತ್ತದೆ. ಮಾಲೆ ಇಳಿದ ಕೂಡಲೇ ಈ ಬೇಲಿಯೂ ಬೀಳುತ್ತದೆ. ಬಟವಾಡೆಯ ಶನಿವಾರ, ಬಾರಿನ ಮುಂದೆ ಕರಿಯುವ ಮಿರ್ಚಿಯ ವಾಸನೆ, ಮಂಡಕ್ಕಿ ಕಲಸುವ ಸದ್ದು, ಮನೆಯಲ್ಲಿ ಒಂದು ಮಾತು ಹೆಚ್ಚಾದದ್ದು ಇವೆಲ್ಲ ವರ್ಷಗಟ್ಟಲೆ ಕುಡಿತದ ಜೊತೆ ಗಂಟು ಬಿದ್ದ ಸಂಗತಿಗಳು. ವಾಸನೆ ಮೂಗಿಗೆ ಬಿದ್ದಾಗ ಬಾಯಲ್ಲಿ ನೀರೂರುತ್ತದೆ, ಎದೆ ಬಿಗಿಯುತ್ತದೆ, ‘ಇವತ್ತೊಂದು ದಿನ’ ಎಂಬ ಯೋಚನೆ ಹಿಂದೆಯೇ ಬರುತ್ತದೆ. ಕಾಲು ಆಗಲೇ ಬಾರಿನ ಮೆಟ್ಟಿಲ ಮೇಲಿರುತ್ತದೆ. ಇಷ್ಟೂ ಆಗುವುದು ತನಗೇ ಗೊತ್ತಾಗದಷ್ಟು ಬೇಗ.

ಆಮೇಲಿನದು ಇನ್ನೂ ಕಷ್ಟದ ಘಟ್ಟ. ಒಂದು ಗ್ಲಾಸು ಕುಡಿದವನು ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸುವುದಿಲ್ಲ. ‘ಹೇಗೂ ಕೆಟ್ಟಾಯ್ತು, ಇನ್ನೇನು’ ಎನಿಸುತ್ತದೆ. ದೇವರ ಮುಂದೆ ಆಣೆ ಮಾಡಿದ್ದರೆ, ಮಗುವಿನ ತಲೆ ಮುಟ್ಟಿ ಭಾಷೆ ಕೊಟ್ಟಿದ್ದರೆ ಈ ಭಾವನೆ ಇಮ್ಮಡಿ. ಆ ನಾಚಿಕೆಯನ್ನು ಮುಳುಗಿಸಲು ಅವನಿಗೆ ಗೊತ್ತಿರುವ ದಾರಿಯೂ ಕುಡಿತವೇ. ಒಮ್ಮೆ ಎಡವಿದ್ದು ಹೀಗೆ ಪೂರ್ತಿ ಬೀಳುವುದಾಗುತ್ತದೆ.

ಸುಳಿಗಾಳಿ ಬಂದಾಗ

ಈ ಸರಪಳಿಯನ್ನು ಬಿಡಿಸಿ ನೋಡಿದವರು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್. ಚಟ ಬಿಟ್ಟವರು ಯಾಕೆ ಮರಳುತ್ತಾರೆ ಎಂದು ಹುಡುಕುತ್ತ ಹೋದ ಅವರಿಗೆ ಮುಖ್ಯವಾಗಿ ಕಂಡ ಕಾರಣಗಳು ಮೂರು: ಮನಸ್ಸಿನ ಬೇಗುದಿ, ಜಗಳ, ಗೆಳೆಯರ ಒತ್ತಾಯ. ಸಿಯಾಟಲ್‌ನ ಒಂದು ಸೆರೆಮನೆಯಲ್ಲಿ ವಿಪಶ್ಯನ ಎಂಬ ಮೌನ ಧ್ಯಾನದ ಹತ್ತು ದಿನದ ಶಿಬಿರ ನಡೆದಾಗ ಅವರ ತಂಡ ಅದರ ಪರಿಣಾಮವನ್ನೂ ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿತು. ವಿಪಶ್ಯನವನ್ನು ಬರ್ಮಾದಿಂದ ಭಾರತಕ್ಕೆ ಮರಳಿ ತಂದವರು ಎಸ್.ಎನ್. ಗೋಯೆಂಕಾ. ಕಿರಣ್ ಬೇಡಿ ಅಧಿಕಾರಿಯಾಗಿದ್ದಾಗ, 1994ರಲ್ಲಿ, ತಿಹಾರ್ ಜೈಲಿನಲ್ಲಿ ಇದರ ದೊಡ್ಡ ಶಿಬಿರ ನಡೆದದ್ದು ಹಲವರಿಗೆ ನೆನಪಿರಬಹುದು. ಹತ್ತು ದಿನ ಮೌನವಾಗಿ ಕೂರುವುದು ಎಲ್ಲರಿಂದಾಗದು. ಹಾಗಾಗಿ ಮಾರ್ಲಟ್, ಸಾರಾ ಬೋವೆನ್ ಮತ್ತು ನೇಹಾ ಚಾವ್ಲಾ ಸೇರಿ ವಾರಕ್ಕೊಮ್ಮೆ ಸುಮಾರು ಎರಡು ಗಂಟೆ, ಒಟ್ಟು ಎಂಟು ವಾರ, ಸಣ್ಣ ಗುಂಪಿನಲ್ಲಿ ಮಾಡಬಹುದಾದ ಕ್ರಮವೊಂದನ್ನು ರೂಪಿಸಿದರು. ಉಳಿದ ದಿನ ಮನೆಯಲ್ಲೇ ಅಭ್ಯಾಸ.

ಈ ಎಂಟು ವಾರ ಏನು ಕಲಿಸುತ್ತಾರೆ? ಮೊದಲಿಗೆ ತೀರ ಸಾಮಾನ್ಯ ಕೆಲಸ: ಒಂದು ಒಣದ್ರಾಕ್ಷಿಯನ್ನು ಮುಟ್ಟಿ, ಮೂಸಿ, ನಿಧಾನವಾಗಿ ಅಗಿದು ತಿನ್ನುವುದು. ಕಾಲ್ಬೆರಳಿನಿಂದ ನೆತ್ತಿಯವರೆಗೆ ಮೈಯ ಒಂದೊಂದು ಭಾಗವನ್ನೂ ಗಮನಿಸುತ್ತ ಬರುವುದು. ಇದೇನು ಮಕ್ಕಳಾಟ ಎನಿಸಬಹುದು. ಉದ್ದೇಶ ಬೇರೆ. ಯೋಚಿಸದೆ ನಡೆದುಹೋಗುವ ಕೆಲಸವನ್ನು ಯೋಚಿಸಿ ಮಾಡುವ ರೂಢಿ ಬಂದರೆ ಬಾರಿನ ಮೆಟ್ಟಿಲಿಗೂ ಕಾಲಿಗೂ ನಡುವೆ ಅರೆಕ್ಷಣದ ತೆರಪು ಸಿಗುತ್ತದೆ.

ಆ ತೆರಪಿನಲ್ಲಿ ಏನು ಮಾಡಬೇಕು ಎಂಬುದು ಮುಂದಿನ ಪಾಠ. ಅದಕ್ಕೆ ಮಾರ್ಲಟ್ ಇಟ್ಟ ಹೆಸರಿನ ಅರ್ಥ ‘ತುಡಿತದ ಅಲೆಯ ಮೇಲೆ ಸವಾರಿ’. ಕಡಲು ಕಾಣದ ಬಯಲುಸೀಮೆಗೆ ಅಲೆಯ ಮಾತು ಅಷ್ಟಾಗಿ ಹತ್ತುವುದಿಲ್ಲ. ಚಳ್ಳಕೆರೆ, ಮೊಳಕಾಲ್ಮುರು ಕಡೆ ಬೇಸಿಗೆಯಲ್ಲಿ ಏಳುವ ಸುಳಿಗಾಳಿ ಇಲ್ಲಿನವರಿಗೆ ಗೊತ್ತು. ಎದುರಿಗೆ ಬಂದಾಗ ಅದರೊಡನೆ ಯಾರೂ ಗುದ್ದಾಡುವುದಿಲ್ಲ, ಬೆನ್ನಟ್ಟಿಯೂ ಹೋಗುವುದಿಲ್ಲ. ಕಣ್ಣು ಮುಚ್ಚಿ, ಕಾಲೂರಿ ನಿಂತರೆ ಧೂಳೆಬ್ಬಿಸಿ ಅದು ತಾನಾಗಿ ಮುಂದೆ ಹೋಗುತ್ತದೆ. ಕುಡಿಯಬೇಕೆಂಬ ತುಡಿತವೂ ಹಾಗೆ ಏರಿ, ಶಿಖರ ಮುಟ್ಟಿ, ಇಳಿಯುತ್ತದೆ, ಬಹುಪಾಲು ಅರ್ಧ ಗಂಟೆಯೊಳಗೆ. ಅದನ್ನು ಅದುಮಲು ಹೋದರೆ ಗಮನವೆಲ್ಲ ಅದರ ಮೇಲೇ ನಿಲ್ಲುತ್ತದೆ. ಮಣಿದರೆ ಮುಂದಿನ ಸಲಕ್ಕೆ ಅದು ಇನ್ನಷ್ಟು ಬಲಿಯುತ್ತದೆ. ಎದೆಯಲ್ಲಿ ಎಲ್ಲಿ ಬಿಗಿ, ಕೈಯಲ್ಲಿ ಎಲ್ಲಿ ನಡುಕ ಎಂದು ಉಸಿರಿನ ಜೊತೆ ಗಮನಿಸುತ್ತ ನಿಂತರೆ, ಕುಡಿಯದೆಯೂ ಇದು ಇಳಿಯುತ್ತದೆ ಎಂಬುದು ಮೈಗೆ ಒಮ್ಮೆ ಅನುಭವಕ್ಕೆ ಬರುತ್ತದೆ. ಉಪದೇಶ ಕೊಡಲಾಗದ ನಂಬಿಕೆಯನ್ನು ಆ ಒಂದು ಅನುಭವ ಕೊಡುತ್ತದೆ.

ಎಡವಿದರೆ? ‘ಒಂದು ಸಲ ಕುಡಿದೆ’ ಎಂಬುದನ್ನೂ ಹಾಗೆಯೇ ನೋಡುವುದನ್ನು ಕಲಿಸುತ್ತಾರೆ. ಅದು ಆಗಿಹೋದ ಒಂದು ಸಂಗತಿ, ಆಣೆ ಮುರಿದ ಮಹಾಪಾಪವಲ್ಲ. ಧಾರ್ಮಿಕ ಶಿಬಿರಗಳಿಗೂ ಈ ಚಿಕಿತ್ಸೆಗೂ ಇರುವ ಅತಿ ದೊಡ್ಡ ಅಂತರ ಪ್ರಾಯಶಃ ಇದು.

ಎರಡು ಸುದ್ದಿಯೂ ನಿಜ

ಈಗ ಅಂಕಿ ಅಂಶಕ್ಕೆ ಬರೋಣ. 2014ರಲ್ಲಿ ಪ್ರಕಟವಾದ ಬೋವೆನ್ ತಂಡದ ಅಧ್ಯಯನದಲ್ಲಿದ್ದವರು 286 ಜನ. ಎಲ್ಲರೂ ಮೊದಲ ಹಂತದ ಚಿಕಿತ್ಸೆ ಮುಗಿಸಿದವರು ಎಂಬುದನ್ನು ಗಮನಿಸಬೇಕು. ಅವರನ್ನು ಮೂರು ಗುಂಪು ಮಾಡಲಾಯಿತು: ಒಂದಕ್ಕೆ ಮೇಲೆ ಹೇಳಿದ ಎಂಟು ವಾರದ ಎಚ್ಚರದ ಅಭ್ಯಾಸ, ಇನ್ನೊಂದಕ್ಕೆ ಮರುಕಳಿಕೆ ತಡೆಯುವ ಸಾಂಪ್ರದಾಯಿಕ ಮನೋಚಿಕಿತ್ಸೆ, ಮೂರನೆಯದಕ್ಕೆ ಆಲ್ಕೋಹಾಲಿಕ್ಸ್ ಅನಾನಿಮಸ್ ಸಂಘದ ಹನ್ನೆರಡು ಮೆಟ್ಟಿಲುಗಳ ಮಾದರಿಯ ಮಾಮೂಲಿ ಆರೈಕೆ. ಮಾಮೂಲಿ ಆರೈಕೆಗೆ ಹೋಲಿಸಿದರೆ ಮೊದಲ ಎರಡೂ ಗುಂಪಿನಲ್ಲಿ ಮಿತಿಮೀರಿದ ಕುಡಿತಕ್ಕೆ ಮರಳುವ ಅಪಾಯ ಶೇ 59ರಷ್ಟು, ಮಾದಕ ವಸ್ತುವಿಗೆ ಮರಳುವ ಅಪಾಯ ಶೇ 54ರಷ್ಟು ಕಡಿಮೆ ಇತ್ತು. ಎಚ್ಚರದ ಅಭ್ಯಾಸ ಮುಂದಾದದ್ದು ವರ್ಷ ತುಂಬಿದಾಗ. ಆಗ ಆ ಗುಂಪಿನವರು ಸೇವಿಸಿದ ದಿನಗಳು ಉಳಿದೆರಡು ಗುಂಪಿಗಿಂತ ಕಡಿಮೆ. ಅಂದರೆ ಇದರ ಗುಣ ನಿಧಾನಕ್ಕೆ ಕಾಣುವಂಥದ್ದು.

2021ರ ಕೊಕ್ರೇನ್ ವಿಮರ್ಶೆ 40 ಅಧ್ಯಯನಗಳನ್ನು ಆಯ್ದು, ಅವುಗಳಲ್ಲಿ 35ರ ಸುಮಾರು 2,800 ಜನರ ಮಾಹಿತಿಯನ್ನು ಒಟ್ಟಿಗೆ ತೂಗಿತು. ಮದ್ಯ, ಅಫೀಮಿನ ವರ್ಗದ ಔಷಧಿ, ಬೇರೆ ಮಾದಕ ವಸ್ತು ಎಲ್ಲವೂ ಒಂದೇ ತಕ್ಕಡಿಗೆ ಬಿದ್ದವು. ಅಭ್ಯಾಸದ ಅವಧಿಯೂ ಒಂದೊಂದರಲ್ಲಿ ಒಂದೊಂದು ಬಗೆ. ವಿಮರ್ಶೆ ಮುಖ್ಯವಾಗಿ ಕೇಳಿದ ಪ್ರಶ್ನೆಗಳಲ್ಲೊಂದು, ಒಂದು ದಿನವೂ ತಪ್ಪದೆ ಪೂರ್ತಿ ಬಿಟ್ಟವರು ಎಷ್ಟು ಎಂಬುದು. ಎಡವಿದರೂ ಏಳುವುದನ್ನು ಕಲಿಸುವ ಚಿಕಿತ್ಸೆಯನ್ನು ಎಡವಲೇ ಇಲ್ಲವೇ ಎಂಬ ಅಳತೆಗೋಲಿನಿಂದ ಅಳೆದರೆ ಅದು ಗಿಡ್ಡ ಕಾಣುವುದು ಸಹಜ. ಹಾಗೆಂದು ವಿಮರ್ಶಕರನ್ನು ದೂರುವಂತಿಲ್ಲ. ಹಲವು ಅಧ್ಯಯನಗಳು ಚಿಕ್ಕವು, ನಡುವೆ ಬಿಟ್ಟುಹೋದವರು ಬಹಳ. ‘ಖಚಿತವಿಲ್ಲ’ ಎಂಬುದಕ್ಕೆ ‘ಉಪಯೋಗವಿಲ್ಲ’ ಎಂಬ ಅರ್ಥವಿಲ್ಲ. ಸುದ್ದಿಯ ತಲೆಬರಹದಲ್ಲಿ ಮಾತ್ರ ಈ ವ್ಯತ್ಯಾಸ ಉಳಿಯುವುದಿಲ್ಲ.

ಇನ್ನೊಂದು ಅಧ್ಯಯನ ಇಲ್ಲಿನ ಹಮಾಲರ ಕಾರಣಕ್ಕೆ ನೆನಪಿಡುವಂಥದ್ದು. ತೀರದ ನೋವಿಗೆಂದು ಅಫೀಮು ವರ್ಗದ ಮಾತ್ರೆ ನುಂಗುತ್ತ ಅದರ ದುರ್ಬಳಕೆಗೆ ಇಳಿದ 250 ಜನರ ಮೇಲೆ ಎರಿಕ್ ಗಾರ್ಲಂಡ್ ತಂಡ ನಡೆಸಿ 2022ರಲ್ಲಿ ಪ್ರಕಟಿಸಿದ ಪ್ರಯೋಗವದು. ಒಂಬತ್ತು ತಿಂಗಳ ನಂತರ ದುರ್ಬಳಕೆ ನಿಲ್ಲಿಸಿದ್ದವರು ಎಚ್ಚರದ ಅಭ್ಯಾಸದ ಗುಂಪಿನಲ್ಲಿ ಶೇ 45ರಷ್ಟು, ಸಾಮಾನ್ಯ ಗುಂಪು ಚಿಕಿತ್ಸೆಯಲ್ಲಿ ಶೇ 24ರಷ್ಟು. ‘ಮೈ ಕೈ ನೋವಿಗೆ ಒಂದು ನೈಂಟಿ’ ಎನ್ನುವ ದುಡಿಮೆಗಾರನಿಗೆ ಇದು ನೇರವಾಗಿ ಅನ್ವಯಿಸುತ್ತದೆ ಎನ್ನಲಾಗದು. ವಸ್ತು ಬೇರೆ, ದೇಶ ಬೇರೆ. ಆದರೆ ನೋವೇ ಚಟದ ಬೇರಾಗಿರುವಲ್ಲಿ ನೋವಿನ ಜೊತೆಗಿನ ಸಂಬಂಧವನ್ನೇ ಬದಲಿಸುವ ದಾರಿ ಫಲ ಕೊಟ್ಟೀತು ಎಂಬ ಸುಳಿವು ಅದರಲ್ಲಿದೆ.

ಮೊದಲ ವಾರ ಧ್ಯಾನದ್ದಲ್ಲ

ಇಲ್ಲಿ ತಪ್ಪಿದರೆ ಜೀವಕ್ಕೇ ಕುತ್ತು. ವರ್ಷಗಟ್ಟಲೆ ದಿನವಿಡೀ ಕುಡಿಯುತ್ತಿದ್ದವನು ಒಮ್ಮೆಗೇ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡನೆಯ, ಮೂರನೆಯ ದಿನದ ಹೊತ್ತಿಗೆ ಕೆಲವರಿಗೆ ಡೆಲಿರಿಯಂ ಟ್ರೆಮೆನ್ಸ್ ಎಂಬ ಸ್ಥಿತಿ: ಮೈಯೆಲ್ಲ ನಡುಕ, ಬೆವರು, ಇಲ್ಲದ ಹುಳಹುಪ್ಪಟೆ ಕಾಣುವುದು, ಮನೆಯವರ ಗುರುತೇ ಸಿಗದಿರುವುದು. ಗಾಳಿ ಸೋಕಿತೆಂದು ತಾಯತಕ್ಕೆ ಓಡುವ ಹೊತ್ತು ಇದು. ಬೇಕಾದದ್ದು ಆಸ್ಪತ್ರೆ: ಕ್ಲೋರ್‌ಡಯಜಿಪಾಕ್ಸೈಡ್ ಅಥವಾ ಲೊರಾಜಿಪಾಮ್‌ನಂಥ ಔಷಧಿ, ಬಿ1 ಜೀವಸತ್ವದ ಚುಚ್ಚುಮದ್ದು, ನಾಡಿ ಬಡಿತದ ಮೇಲೆ ನಿಗಾ. ಈ ಸ್ಥಿತಿಯಲ್ಲಿರುವವನಿಗೆ ಕಣ್ಣು ಮುಚ್ಚಿ ಉಸಿರು ಗಮನಿಸು ಎನ್ನುವುದು ಚಿಕಿತ್ಸೆಯಲ್ಲ. ಅಫೀಮು ವರ್ಗದ ಚಟಕ್ಕೆ ಬ್ಯುಪ್ರೆನಾರ್ಫಿನ್‌ನಂಥ ಔಷಧಿ ಹಲವು ತಿಂಗಳು, ಕೆಲವೊಮ್ಮೆ ವರ್ಷಗಳೇ ಬೇಕಾಗುತ್ತದೆ. ಧ್ಯಾನ ಶುರುವಾಯಿತೆಂದು ಅದನ್ನು ನಿಲ್ಲಿಸಿ ಮತ್ತೆ ಚಟಕ್ಕೆ ಮರಳಿದರೆ, ಕೆಲಕಾಲ ಬಿಟ್ಟಿದ್ದ ಮೈ ಹಳೆಯ ಪ್ರಮಾಣವನ್ನು ತಾಳದೆ ಸಾವೇ ಸಂಭವಿಸಬಹುದು. ಭ್ರಮೆಯ ಕಾಯಿಲೆ ಇರುವವರಿಗೆ, ದೊಡ್ಡ ಆಘಾತ ಉಂಡವರಿಗೆ ದೀರ್ಘ ಧ್ಯಾನದಿಂದ ತೊಂದರೆ ಹೆಚ್ಚುವುದೂ ಉಂಟು. ಮನೋವೈದ್ಯರು ನೋಡದೆ ಗುಂಪಿಗೆ ಸೇರಿಸಬಾರದು.

ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನ ರೂಢಿಯೊಂದು ನಮ್ಮಲ್ಲಿದೆ. ಊಟದಲ್ಲಿ ಗೊತ್ತಾಗದಂತೆ ಡೈಸಲ್ಫಿರಾಮ್ ಮಾತ್ರೆ ಬೆರೆಸುವುದು. ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ತಿಳಿದು, ಒಪ್ಪಿ ತೆಗೆದುಕೊಂಡರೆ ಅದು ಔಷಧಿ. ಕಳ್ಳತನದಲ್ಲಿ ಬೆರೆಸಿದರೆ ವಿಷಕ್ಕೆ ಸಮ. ಕುಡಿಯುವವನ ಅರಿವನ್ನೇ ಹೊರಗಿಟ್ಟು ಚಟ ಬಿಡಿಸಲು ಹೊರಡುವ ದಾರಿ ಅದು.

ಒಪ್ಪಿಗೆಯ ಪ್ರಶ್ನೆ ಕಾನೂನಿನಲ್ಲೂ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ಸ್ಥಿತಿಗಳನ್ನು ಮಾನಸಿಕ ಅನಾರೋಗ್ಯದ ವ್ಯಾಖ್ಯೆಯೊಳಗೆ ತಂದಿದೆ. ಇಂಥವರನ್ನು ಇರಿಸಿಕೊಂಡು ಚಿಕಿತ್ಸೆ ಕೊಡುವ ಕೇಂದ್ರ ರಾಜ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿರಬೇಕು, ಸರಪಳಿ ಹಾಕುವಂತಿಲ್ಲ. ಬೀಗ ಹಾಕಿದ ಕೋಣೆಯಲ್ಲಿ ಬೆಳಗ್ಗೆ ಐದಕ್ಕೆ ಎಬ್ಬಿಸಿ ಕೂರಿಸುವ ಧ್ಯಾನಕ್ಕೆ ಮೇಲಿನ ಯಾವ ಅಧ್ಯಯನವೂ ಸಾಕ್ಷಿ ಹೇಳುವುದಿಲ್ಲ.

ವಾದಿಸುವವರು ಯಾರು ಯಾರು

ಮಠ-ಸಂಸ್ಥೆಗಳ ವಾದ ಸರಳ: ಇದು ನಮ್ಮಲ್ಲೇ ಇತ್ತು, ಅಮೆರಿಕದಿಂದ ಕಲಿಯಬೇಕೇ? ಇದರಲ್ಲಿ ಹುರುಳಿಲ್ಲದಿಲ್ಲ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಊರೂರು ತಿರುಗಿ ಜೋಳಿಗೆ ಒಡ್ಡಿ, ಹಣದ ಬದಲು ಚಟಗಳನ್ನು ಭಿಕ್ಷೆ ಬೇಡಿದರು. ಅವರ ಹುಟ್ಟುಹಬ್ಬ ಆಗಸ್ಟ್ 1 ರಾಜ್ಯದಲ್ಲಿ ವ್ಯಸನಮುಕ್ತ ದಿನ. ಊರಿಗೆ ಊರೇ ನೋಡುತ್ತಿರುವಾಗ ಬಾಟಲಿಯನ್ನು ಜೋಳಿಗೆಗೆ ಹಾಕುವುದರಲ್ಲಿ ಯಾವ ಕ್ಲಿನಿಕ್ಕೂ ಕೊಡಲಾಗದ ಬಲವಿದೆ. ಜೋಳಿಗೆ ಮುಂದಿನ ಊರಿಗೆ ಹೋದ ಮೇಲೆ ಮೂರನೆಯ ವಾರದ ಶನಿವಾರ ಆ ಮನುಷ್ಯನ ಪಕ್ಕ ಯಾರಿರುತ್ತಾರೆ ಎಂಬುದು ಬಾಕಿ ಉಳಿಯುವ ಪ್ರಶ್ನೆ.

ಮಹಿಳಾ ಸಂಘಟನೆಗಳ ವಾದ ಇನ್ನೂ ಹರಿತವಾದದ್ದು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧ ಕೇಳುತ್ತ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿ.ಮೀ. ನಡೆದರು. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ರಾಜ್ಯ ನಿರೀಕ್ಷಿಸಿದ್ದು ₹40,000 ಕೋಟಿ. ಒಂದು ಕೈಯಲ್ಲಿ ಮಾರಿ ಇನ್ನೊಂದು ಕೈಯಲ್ಲಿ ಉಸಿರಾಟ ಕಲಿಸುವುದೇ ಎಂದು ಅವರು ಕೇಳಿದರೆ ಚಿಕಿತ್ಸಕರ ಬಳಿ ಉತ್ತರವಿಲ್ಲ. ಅಂಗಡಿಗಳ ಸಂಖ್ಯೆ ಎಚ್ಚರದ ಅಭ್ಯಾಸದಿಂದ ಇಳಿಯುವುದಿಲ್ಲ. 2007ರ ಜುಲೈನಲ್ಲಿ ಸಾರಾಯಿ ನಿಂತಾಗ ಕುಡಿತ ನಿಲ್ಲದೆ ಅಗ್ಗದ ವಿಸ್ಕಿ, ರಮ್ಮಿನ ಕಡೆ ಸರಿದದ್ದೂ ಅಷ್ಟೇ ನಿಜ.

ಕುಡಿತ ಬಿಡಲು ಹೊರಟವರೇ ಸೇರಿ ಒಬ್ಬರಿಗೊಬ್ಬರು ಆಸರೆಯಾಗುವ ಆಲ್ಕೋಹಾಲಿಕ್ಸ್ ಅನಾನಿಮಸ್‌ನ ಸಭೆಗಳ ಪರವೂ ಗಟ್ಟಿ ಪುರಾವೆಯಿದೆ. 2020ರ ಕೊಕ್ರೇನ್ ವಿಮರ್ಶೆ 27 ಅಧ್ಯಯನಗಳನ್ನು ನೋಡಿ, ಪೂರ್ತಿ ಬಿಟ್ಟಿರುವ ವಿಷಯದಲ್ಲಿ ಆ ದಾರಿ ಬೇರೆ ಮನೋಚಿಕಿತ್ಸೆಗಳಿಗಿಂತ ಮುಂದಿದೆ ಎಂದಿತು. ಖರ್ಚಂತೂ ಇಲ್ಲವೇ ಇಲ್ಲ. ಹಾಗಾಗಿ ಅದಾದರೆ ಇದು ಬೇಡ ಎಂಬ ಜಿದ್ದು ಅನಗತ್ಯ. ಶನಿವಾರದ ಸಭೆಗೆ ಹೋಗುವವನು ಮಂಗಳವಾರ ಉಸಿರಿನ ಅಭ್ಯಾಸಕ್ಕೂ ಬರಬಹುದು.

ಇಲ್ಲಿಗೆ ತಂದರೆ ಏನಾದೀತು

2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕುಡಿತದ ಸಮಸ್ಯೆಗೆ ನೆರವು ಬೇಕಾದವರು ಸುಮಾರು 5.7 ಕೋಟಿ. ಮದ್ಯದ ದಾಸರಾದವರಲ್ಲಿ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಚಿಕಿತ್ಸೆ ಸಿಕ್ಕಿತ್ತು. ಹೀಗಿರುವಾಗ ಹೊಸ ಚಿಕಿತ್ಸೆ ಬಂದರೂ ಅದು ಯಾರಿಗೆ ತಲುಪೀತು?

ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾಸ್ಪತ್ರೆ ಇದೆ, ಎರಡು ಖಾಸಗಿ ವೈದ್ಯಕೀಯ ಕಾಲೇಜುಗಳಿವೆ. ಚಿತ್ರದುರ್ಗದಲ್ಲೂ ಜಿಲ್ಲಾಸ್ಪತ್ರೆ, ವೈದ್ಯಕೀಯ ಕಾಲೇಜು ಉಂಟು. ಮದ್ಯ ಇಳಿಸುವ ಮೊದಲ ಹತ್ತು ದಿನದ ಕೆಲಸ ಇಲ್ಲಿ ಆಗುತ್ತದೆ. ಜಗಳೂರಿಗೋ ಹೊಸದುರ್ಗಕ್ಕೋ ಮರಳಿದವನಿಗೆ ಎಂಟು ವಾರ, ವಾರಕ್ಕೊಮ್ಮೆ ಜಿಲ್ಲಾ ಕೇಂದ್ರಕ್ಕೆ ಬಾ ಎಂದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ. ಮೂರನೆಯ ವಾರಕ್ಕೆ ಅವನು ಬರುವುದಿಲ್ಲ. ಒಂದೇ ಕೋಣೆಯ ಮನೆಯಲ್ಲಿ, ಟಿವಿ ಓಡುತ್ತಿರುವಾಗ, ಅರ್ಧ ಗಂಟೆ ಕಣ್ಣು ಮುಚ್ಚಿ ಕೂರುವ ಅಭ್ಯಾಸವೂ ಕನಸಿನ ಮಾತು. ಅಮೆರಿಕದ ಕ್ರಮವನ್ನು ಹಾಗೆಯೇ ಎತ್ತಿ ತಂದರೆ ಅದು ಸೋಲುವುದು ಇಂಥ ಕಾರಣಗಳಿಗೆ, ಆಮೇಲೆ ‘ಧ್ಯಾನದಿಂದ ಏನೂ ಆಗಲಿಲ್ಲ’ ಎಂಬ ಹೆಸರು ಬರುತ್ತದೆ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ‘ಮನೋಚೈತನ್ಯ’ ಯೋಜನೆಯಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಪದ್ಧತಿ ಹೊಸದೇನಲ್ಲ. ಮಾತ್ರೆ ಬರೆಸಿಕೊಳ್ಳಲು ಹೇಗೂ ಬರುವವರಲ್ಲಿ ಎಂಟು-ಹತ್ತು ಜನರನ್ನು ಅದೇ ದಿನ ಒಂದು ಗಂಟೆ ಕೂರಿಸಲು ತರಬೇತಾದ ಆಪ್ತಸಮಾಲೋಚಕರೊಬ್ಬರು ಮತ್ತು ಒಂದು ಖಾಲಿ ಕೋಣೆ ಸಾಕು. ಮನೆಯಲ್ಲಿ ಕೂರಲಾಗದವನು ಹೊಲಕ್ಕೆ ನಡೆಯುವಾಗ, ಮಂಡಕ್ಕಿ ಭಟ್ಟಿಯಲ್ಲಿ ನಿಂತು ಹುರಿಯುವಾಗ ಮಾಡಬಹುದಾದ ಅಭ್ಯಾಸಗಳೂ ಇದರಲ್ಲಿವೆ. ನಡಿಗೆಯನ್ನು ಗಮನಿಸುವುದು ಅವುಗಳಲ್ಲೊಂದು. ನಡುವಿನ ದಿನಗಳಲ್ಲಿ ತುಡಿತ ಏರಿದರೆ ಟೆಲಿ-ಮನಸ್‌ನ 14416, ವ್ಯಸನ ಸಹಾಯವಾಣಿ 14446, ಎರಡಕ್ಕೂ ದುಡ್ಡು ಕೊಡದೆ ಫೋನ್ ಮಾಡಬಹುದು.

ಹಾಗೆ ಶುರು ಮಾಡಿದರೆ ಬರೆದಿಡಬೇಕಾದದ್ದೂ ಸ್ವಲ್ಪವೇ. ಎಷ್ಟು ಜನ ಸೇರಿದರು, ಎಂಟನೆಯ ವಾರಕ್ಕೆ ಎಷ್ಟು ಜನ ಉಳಿದರು, ವರ್ಷದ ಕೊನೆಗೆ ಒಬ್ಬೊಬ್ಬರೂ ತಿಂಗಳಲ್ಲಿ ಎಷ್ಟು ದಿನ ಕುಡಿದರು. ಜೂನ್ 26ರ ಮಾದಕ ವಸ್ತು ವಿರೋಧಿ ದಿನ ದಾವಣಗೆರೆಯ ಜಯದೇವ ವೃತ್ತದಿಂದ ಜಾಥಾ ಹೊರಡುವ ಹೊತ್ತಿಗೆ, ಬ್ಯಾನರಿನ ಘೋಷಣೆಯ ಜೊತೆಗೆ ಈ ಜಿಲ್ಲೆಯದೇ ಆದ ಒಂದು ಲೆಕ್ಕವೂ ಆಗ ಕೈಯಲ್ಲಿರುತ್ತದೆ.